ಬೆನ್ನು ಟೀಚರ್

ಆ ಶಾಲೆಯ ಡ್ರಾಯಿಂಗ್ ಟೀಚರಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಮಕ್ಕಳ ಬಾಯಲ್ಲಿ ಅವಳು ಬೆನ್ನು ಟೀಚರ್. ಹತ್ತೊಂಬತ್ತು ವರ್ಷಗಳ ಹಿಂದೆ ಯಾವುದೋ ತುಂಟ ತರಗತಿ ಇಟ್ಟ ಹೆಸರು ಒಂದು ತಂಡದಿಂದ ಇನ್ನೊಂದು ತಂಡಕ್ಕೆ ದಾಟುತ್ತ ಬಂದಿತ್ತು. ಹೆಡ್‌ಮಿಸ್ ಕೂಡ ಒಮ್ಮೆ ಸಭೆಯಲ್ಲಿ ಬಾಯಿತಪ್ಪಿ ಹಾಗೇ ಕರೆದು ನಾಲಿಗೆ ಕಚ್ಚಿಕೊಂಡಿದ್ದರು. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಹೊಸದಾಗಿ ಬಂದ ಮಕ್ಕಳಿಗೆ ಮೊದಲ ಮೂರು ತಿಂಗಳು ಮುಖ ಬರೆಯಲು ಅವಳು ಬಿಡುತ್ತಲೇ ಇರಲಿಲ್ಲ. ಬೆನ್ನು ಬರೀರಿ, ಹೆಗಲು ಬರೀರಿ, ಮಂಡಿ ಎಲ್ಲಿಗೆ ತಿರುಗಿದೆ ನೋಡಿ ಬರೀರಿ. ಮುಖ ಆಮೇಲೆ.

"ಮುಖ ಚಿಕ್ಕಂದಿನಲ್ಲೇ ಸುಳ್ಳು ಹೇಳೋದು ಕಲಿತುಬಿಡುತ್ತೆ," ಎನ್ನುತ್ತಿದ್ದಳು. "ಬೆನ್ನಿಗೆ ಆ ವಿದ್ಯೆ ಬರಲ್ಲ. ಅದಕ್ಕೆ ಮೊದಲು ಅದನ್ನ ಕೇಳಿಸ್ಕೊಳ್ಳಿ."

ಅವಳ ತರಗತಿ ಶಾಲೆಯ ಹಿಂದಿನ ಅಂಗಳಕ್ಕೆ ತೆರೆದುಕೊಂಡ ಕೊನೆಯ ಕೋಣೆ. ಮೊದಲು ಅದು ಮುರಿದ ಬೆಂಚುಗಳನ್ನು ಪೇರಿಸಿಡುವ ಉಗ್ರಾಣವಾಗಿತ್ತು. ಉದ್ದಕ್ಕೆ ಮೂರು ಕಿಟಕಿ, ಮೂರಕ್ಕೂ ಮಾಸಿದ ಗಾಜು. ಆ ಊರಿನಲ್ಲಿ ವರ್ಷದ ಅರ್ಧ ದಿನಗಳು ಮಂಜಿನಲ್ಲೇ ಬೆಳಗಾಗುತ್ತಿದ್ದವು. ಹತ್ತು ಗಂಟೆಯವರೆಗೂ ಕಿಟಕಿಯಾಚೆ ಏನೂ ಇರುತ್ತಿರಲಿಲ್ಲ. ಹಾಲಿನಂಥ ಒಂದು ಬೆಳಕು ಮಾತ್ರ ಗಾಜಿಗೆ ಹಣೆಯೊತ್ತಿಕೊಂಡು ನಿಂತಿರುತ್ತಿತ್ತು. ಅಂಥ ಬೆಳಕಿನಲ್ಲಿ ಮಕ್ಕಳೂ ಅರ್ಧ ನಿದ್ದೆಯಲ್ಲಿರುವವರ ಹಾಗೆ ಮೆತ್ತಗೆ ಮಾತಾಡುತ್ತಿದ್ದರು. ಪೆನ್ಸಿಲಿನ ಸರಸರ ಸದ್ದು ಎಲ್ಲೋ ದೂರದಲ್ಲಿ ಯಾರೋ ಒಣ ಎಲೆ ಗುಡಿಸುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಅವಳ ಬಳಿ ಒಂದು ರಟ್ಟಿನ ಚೂರು ಇತ್ತು, ಬೆಂಕಿಪೊಟ್ಟಣದಷ್ಟು. ಹಳೆಯ ಚಿತ್ರಗಳ ಮುದ್ರಿತ ಹಾಳೆಗಳನ್ನು ಗೋಡೆಗೆ ಅಂಟಿಸಿ, ಅವುಗಳಲ್ಲಿರುವವರ ಮುಖದ ಮೇಲೆ ಆ ಚೂರು ಇಟ್ಟು ಹಿಡಿಯುತ್ತಿದ್ದಳು.

"ಮಂಚದ ತುದೀಲಿ ಕೂತು ಕಾಗದ ಓದ್ತಿದ್ದಾಳೆ. ಮುಖ ಮುಚ್ಚಿದ್ದೀನಿ. ಈಗ ಹೇಳಿ, ಕಾಗದದಲ್ಲಿ ಏನಿದೆ?"

"ಕೆಟ್ಟ ಸುದ್ದಿ ಟೀಚರ್," ಎಂದಿತು ಹಿಂದಿನ ಬೆಂಚಿನ ಒಂದು ದನಿ.

"ನೀನು ಹೋಗಿ ಓದ್ಕೊಂಡು ಬಂದೆಯಾ?"

"ಇಲ್ಲ ಟೀಚರ್. ಕಾಲ್ಬೆರಳು ನೋಡಿ. ಒಳಕ್ಕೆ ಮಡಚ್ಕೊಂಡಿದ್ದಾಳೆ."

ಆಗ ಇಡೀ ತರಗತಿ ಚಪ್ಪಲಿ ಬಿಟ್ಟು, ಬೆಂಚಿನ ತುದಿಯಲ್ಲಿ ಕೂತು, ಕಾಲ್ಬೆರಳು ಮಡಚಿ, ಇಲ್ಲದ ಕಾಗದವನ್ನು ಓದಬೇಕಿತ್ತು. ಹಾಗೆ ಕೂತ ಮೂವತ್ತೊಂದು ಮಕ್ಕಳೂ ಎರಡು ನಿಮಿಷದಲ್ಲಿ ಸಪ್ಪಗಾಗುತ್ತಿದ್ದರು. ಒಬ್ಬಳ ಕಣ್ಣಲ್ಲಿ ನೀರೇ ಬಂತು. ಯಾಕೆ ಎಂದರೆ ಅವಳಿಗೂ ಗೊತ್ತಿಲ್ಲ. "ಮೈ ಮೊದಲು ಅಳುತ್ತೆ, ಮನಸ್ಸು ಆಮೇಲೆ ಕಾರಣ ಹುಡುಕುತ್ತೆ," ಎಂದು ಟೀಚರ್ ಆ ಹುಡುಗಿಯ ತಲೆ ಸವರಿದಳು.

ಇನ್ನೊಂದು ದಿನ ಕಪ್ಪುಹಲಗೆಯ ತುಂಬ ಮಾತುಗಳನ್ನು ಬರೆದಿಟ್ಟಳು. ಕೈ ಚೆಲ್ಲಿ ಕೂತ. ಮೂಗು ಮುರಿದಳು. ಕಾಲು ಕೆರೆದು ನಿಂತ. ಬೆನ್ನು ತಿರುಗಿಸಿದಳು. ತಲೆ ಮೇಲೆ ಕೈ ಹೊತ್ತ. "ಇದನ್ನೆಲ್ಲ ದಿನಾ ಆಡ್ತೀರ. ಆಡೋವಾಗ ಕಣ್ಣಿಗೆ ಕಾಣುತ್ತಾ? ನಮ್ಮ ಹಿಂದಿನವರು ನೋಡಿ ನೋಡಿ ಮಾಡಿದ ಮಾತು ಇವು. ಮಾತಿನೊಳಗೆ ಚಿತ್ರ ಮಲಗಿದೆ, ಎಬ್ಬಿಸಿ." ತರಗತಿಯಲ್ಲಿ ಎಲ್ಲರಿಗಿಂತ ಮಾತು ಜಾಸ್ತಿಯಾದ್ದರಿಂದ ವಟವಟ ಎಂದು ಕರೆಸಿಕೊಂಡಿದ್ದ ಹುಡುಗ 'ಬಾಲ ಮುದುರಿಕೊಂಡ' ಎಂಬುದನ್ನು ತಾನೇ ಸೇರಿಸಿಕೊಂಡು, ಗಣಿತದ ಮೇಷ್ಟ್ರಿಗೆ ಒಂದು ಉದ್ದನೆಯ ಬಾಲ ಬರೆದು, ಅದನ್ನು ಹೆಡ್‌ಮಿಸ್ ಕೋಣೆಯ ಬಾಗಿಲಲ್ಲಿ ಕಾಲ ಸಂದಿಗೆ ಸಿಕ್ಕಿಸಿದ್ದ. ಟೀಚರ್ ನಕ್ಕು ನಕ್ಕು ಕೆಮ್ಮು ಬರಿಸಿಕೊಂಡಳು. ಆಮೇಲೆ ಗಂಭೀರಳಾಗಿ, "ಮೇಷ್ಟ್ರನ್ನ ಕೇಳಿ ಬರೆದೆಯಾ?" ಎಂದಳು.

"ಕೇಳಿದ್ರೆ ಬಿಡ್ತಾರಾ ಟೀಚರ್!"

"ಹಾಗಾದ್ರೆ ಹರಿ."

ಅದು ಅವಳ ಕಟ್ಟುನಿಟ್ಟಿನ ನಿಯಮ. ಗೊತ್ತಿರುವವರನ್ನು ಕೇಳದೆ ಬರೆಯಕೂಡದು. ಮೈ ಏನೋ ಬಿಟ್ಟುಕೊಟ್ಟಿರುತ್ತದೆ, ಅದು ಅವರಿಗೇ ಗೊತ್ತಿರುವುದಿಲ್ಲ. ಬೇರೆಲ್ಲದರಲ್ಲೂ ಬೆಣ್ಣೆಯಂತಿದ್ದ ಟೀಚರ್ ಇದೊಂದರಲ್ಲಿ ಮಾತ್ರ ಕಲ್ಲು. ಯಾಕೆಂದು ಮಕ್ಕಳಿಗೆ ಗೊತ್ತಿರಲಿಲ್ಲ.

ಈ ವಿದ್ಯೆಯನ್ನು ಅವಳು ಯಾವ ಕಲಾಶಾಲೆಯಲ್ಲೂ ಕಲಿತದ್ದಲ್ಲ. ಅವಳಪ್ಪ ದರ್ಜಿ. ಇಳಿಜಾರಿನ ಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಅಮ್ಮ ಬೇಗ ತೀರಿಕೊಂಡದ್ದರಿಂದ ಅವಳು ಬಟ್ಟೆ ಕತ್ತರಿಸುವ ಮೇಜಿನ ಕೆಳಗೇ ಬೆಳೆದಳು. ಅಲ್ಲಿಂದ ಕಾಣುತ್ತಿದ್ದುದು ಬಂದವರ ಸೊಂಟದ ಕೆಳಗಿನ ಭಾಗ ಮಾತ್ರ. ಮುಖ ಕಾಣುವ ಮೊದಲೇ ಅವಳಿಗೆ ಮನುಷ್ಯರು ಗೊತ್ತಾಗಿಬಿಡುತ್ತಿದ್ದರು. ಇವರು ಹೊರಡುವ ಆತುರದಲ್ಲಿದ್ದಾರೆ, ಇವರಿಗೆ ಮನೆಗೆ ಹೋಗುವುದೇ ಬೇಡ, ಇವರಿಬ್ಬರೂ ಬೀದಿಯಲ್ಲಿ ಜಗಳ ಆಡಿಕೊಂಡೇ ಬಂದಿದ್ದಾರೆ. ಗೋಡೆಯುದ್ದಕ್ಕೂ ಅರ್ಧ ಹೊಲಿದ ಕೋಟುಗಳು ತೂಗಾಡುತ್ತಿದ್ದವು. ಮಧ್ಯಾಹ್ನದ ನಿದ್ದೆಯಲ್ಲಿ ಅವು ಒಂದೊಂದೇ ಗೂಟದಿಂದಿಳಿದು, ಒಳಗೆ ಯಾರೂ ಇಲ್ಲದೆ, ಸಾಲಾಗಿ ಬೀದಿ ಇಳಿದು ಹೋಗುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಕೆಲವು ಕೈಬೀಸಿ ನಡೆಯುತ್ತಿದ್ದವು, ಕೆಲವು ತಲೆಯಿಲ್ಲದಿದ್ದರೂ ತಲೆ ತಗ್ಗಿಸಿಕೊಂಡಿರುತ್ತಿದ್ದವು.

ಅಪ್ಪ ಅಳತೆ ತೆಗೆಯುವಾಗ ಟೇಪಿಗಿಂತ ಹೆಚ್ಚು ಕಣ್ಣನ್ನೇ ನಂಬುತ್ತಿದ್ದ. "ಎಡಭುಜ ಒಂದು ಬೆರಳು ಕೆಳಗೆ," ಎಂದು ತನ್ನಷ್ಟಕ್ಕೆ ಗೊಣಗಿಕೊಂಡು, ಬಟ್ಟೆಯ ಮೇಲೆ ಸೀಮೆಸುಣ್ಣದ ಚಪ್ಪಟೆ ಬಿಲ್ಲೆಯಿಂದ ಗೆರೆ ಎಳೆದು, ಅಲ್ಲಿ ಒಳಗೊಂದು ಮೆತ್ತೆ ಇಟ್ಟು ಹೊಲಿಯುತ್ತಿದ್ದ. ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತವರು ತಾವು ಯಾವತ್ತೂ ನೆಟ್ಟಗೇ ಇದ್ದೆವೆಂದು ನಂಬಿ ಹೋಗುತ್ತಿದ್ದರು.

"ಅವರ ಭುಜ ಕುಸಿದಿರೋದು ಯಾಕಪ್ಪಾ?" ಎಂದು ಒಮ್ಮೆ ಮೇಜಿನ ಕೆಳಗಿಂದ ಕೇಳಿದ್ದಳು.

"ಅದು ನಮಗ್ಯಾಕೆ? ನೋಡಿದ್ವಿ, ಮುಚ್ಚಿದ್ವಿ. ಮುಗೀತು."

ಅವಳಿಗೆ ಅದು ಮುಗಿಯಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಊರಿನ ಸಭಾಭವನದ ಪಡಸಾಲೆಯಲ್ಲಿ ಇದ್ದಿಲಿನಿಂದ ಬರೆದ ಹದಿನೈದು ಚಿತ್ರಗಳನ್ನು ತೂಗುಹಾಕಿದಳು. ಎಲ್ಲ ಅಂಗಡಿಗೆ ಬಂದವರೇ. ಮುಖದ ಜಾಗ ಖಾಲಿ ಬಿಟ್ಟಿದ್ದಳು, ಯಾರಿಗೆ ತಾನೆ ಗೊತ್ತಾಗುತ್ತದೆ ಎಂದುಕೊಂಡು. ಒಂದು ಚಿತ್ರದಲ್ಲಿ ಗಂಡ ಹೊಸ ಕೋಟಿಗೆ ಮೈಕೊಟ್ಟು ನಿಂತಿದ್ದಾನೆ, ಹೆಂಡತಿ ಪಕ್ಕದಲ್ಲಿ ಕೊಡೆ ಹಿಡಿದಿದ್ದಾಳೆ. ಅವಳ ಮೈಯೆಲ್ಲ ಅವನ ಕಡೆಗೆ ವಾಲಿದೆ. ಅವನ ಎರಡು ಪಾದಗಳೂ ಬಾಗಿಲ ಕಡೆಗಿವೆ.

ಮೊದಲು ಬಂದವನೇ ಕೂಗಿದ: "ಅಯ್ಯೋ, ನಮ್ಮ ಔಷಧಿ ಅಂಗಡಿಯವರು! ಓಡಿಹೋಗೋಕೆ ತಯಾರಾಗಿ ನಿಂತಿದ್ದಾರಲ್ರೀ!" ಪಡಸಾಲೆಯ ತುಂಬ ನಗು. ಆ ನಗುವಿನ ನಡುವೆಯೇ ಔಷಧಿ ಅಂಗಡಿಯವರ ಹೆಂಡತಿ ಬಂದು, ಚಿತ್ರದ ಮುಂದೆ ತುಂಬ ಹೊತ್ತು ನಿಂತು, ಬಂದ ದಾರಿಯಲ್ಲೇ ತಿರುಗಿ ಹೋದಳು. ಎರಡು ತಿಂಗಳಿಗೆ ಗಂಡ ನಿಜವಾಗಿಯೂ ಮನೆ ಬಿಟ್ಟ. ಹೆಂಡತಿ ಅಂಗಡಿಗೆ ಬೀಗ ಹಾಕಿ ಅಕ್ಕನ ಊರಿಗೆ ಹೊರಟುಹೋದಳು.

ಅಪ್ಪನಾದರೋ ಚಿತ್ರ ತೂಗುಹಾಕಿದ ದಿನ ಸಂಜೆಯೇ ಅಳತೆ ಟೇಪು ಕತ್ತಿನಲ್ಲಿದ್ದ ಹಾಗೇ ಸಭಾಭವನಕ್ಕೆ ಬಂದು, ಹದಿನೈದನ್ನೂ ಒಂದೊಂದಾಗಿ ಇಳಿಸಿದ. ಕೂಗಾಡಲಿಲ್ಲ. "ನಾನು ಮುಚ್ಚಿ ಹೊಲಿದಿದ್ದನ್ನ ನೀನು ಬಿಚ್ಚಿ ತೂಗುಹಾಕಿದೆ," ಎಂದ. ಅಷ್ಟೇ.

ಅಂದಿನಿಂದ ಒಂದೇ ಸೂರಿನಡಿ ಇದ್ದೂ ಅಪ್ಪ ಮಗಳ ನಡುವೆ ಬೇಕಾದಷ್ಟೇ ಮಾತು. ಊಟ ಆಯ್ತಾ. ಬಾಗಿಲು ಹಾಕು. ಗಾಳಿ ಜೋರಾಗಿದೆ. ಇಬ್ಬರ ನಡುವೆ ಓಡಾಡಿ ಸುದ್ದಿ ಮುಟ್ಟಿಸುತ್ತಿದ್ದವಳು ಅಪ್ಪನ ತಂಗಿ, ಗಂಡ ಸತ್ತ ಮೇಲೆ ಅಲ್ಲೇ ಬಂದು ನೆಲೆಸಿದ್ದ ಅತ್ತೆ. "ನನ್ನನ್ನೇನು ಟಪಾಲು ಡಬ್ಬಿ ಅಂದ್ಕೊಂಡಿದ್ದೀರಾ ಇಬ್ಬರೂ?" ಎಂದು ಸಿಡುಕುತ್ತಲೇ ಅವಳು ಆ ಕೆಲಸವನ್ನು ಇಪ್ಪತ್ತು ವರ್ಷಕ್ಕೂ ಮೀರಿ ಮಾಡಿದಳು. ಮಗಳು ಶಾಲೆಯಲ್ಲಿ ಕಲಿಸಿದಳು. ತನ್ನದೆಂದು ಒಂದು ಗೆರೆಯನ್ನೂ ಮತ್ತೆ ಎಳೆಯಲಿಲ್ಲ. ಅಪ್ಪ ಮಾತ್ರ ಐದಾರು ವರ್ಷಕ್ಕೊಮ್ಮೆ ಅವಳಿಗೊಂದು ಕೋಟು ಹೊಲಿದು, ಏನೂ ಹೇಳದೆ ಮೆಟ್ಟಿಲ ಬಳಿಯ ಗೂಟಕ್ಕೆ ಸಿಕ್ಕಿಸಿರುತ್ತಿದ್ದ. ಅಳತೆ ತೆಗೆದುಕೊಂಡದ್ದೇ ಇಲ್ಲ. ಒಂದು ಕೂದಲೆಳೆ ಹೆಚ್ಚುಕಮ್ಮಿ ಇಲ್ಲದೆ ಮೈಗೆ ಕೂರುತ್ತಿತ್ತು.

ಅಂಥ ಅಪ್ಪನಿಗೆ ಎಪ್ಪತ್ತಾರನೆಯ ವರ್ಷ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಜೊತೆಗೆ ಮಾತೂ ಹೋಯಿತು. ಡಾಕ್ಟರು ಅಕ್ಷರಗಳ ಹಲಗೆ ತೋರಿಸಿದರು. ಅವನು ಅತ್ತ ಮುಖ ತಿರುಗಿಸಿದ. ಎಡಗೈಗೆ ಪೆನ್ಸಿಲ್ ಕೊಟ್ಟರು, ಎಸೆದ. ಬಲಗೈಯನ್ನು ಸದಾ ಶಾಲಿನ ಒಳಗೆ ಮುಚ್ಚಿಟ್ಟುಕೊಂಡು, ಅದು ಚೂರು ಹೊರಬಂದರೂ ಎಡಗೈಯಿಂದ ಒಳಕ್ಕೆ ತಳ್ಳಿ, ಗಾಲಿಕುರ್ಚಿಯಲ್ಲಿ ಕೂತಿರುತ್ತಿದ್ದ. ಮಗಳು ಬೆಳಿಗ್ಗೆ ಸಂಜೆ ಅವನ ಕೈಯನ್ನು ತನ್ನ ಬಲಹೆಗಲ ಮೇಲೆ ಹಾಕಿಕೊಂಡು ಹಾಸಿಗೆಯಿಂದ ಎತ್ತುತ್ತಿದ್ದಳು, ಮಲಗಿಸುತ್ತಿದ್ದಳು. ಅಷ್ಟು ಹತ್ತಿರ ಇಬ್ಬರೂ ಹಿಂದೆಂದೂ ಬಂದಿರಲಿಲ್ಲ. ಆದರೂ ಕಣ್ಣು ತಪ್ಪಿಸುತ್ತಿದ್ದರು.

ಹೀಗೆ ಏಳು ತಿಂಗಳು ಕಳೆದ ಮೇಲೆ ಅತ್ತೆ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಪಾದ ಮುರಿದುಕೊಂಡಳು. "ಆರು ವಾರ ನಾನೂ ಕುರ್ಚಿನೇ," ಎಂದಳು ಅವಳು, ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು. "ಎರಡು ಕುರ್ಚಿ ಒಂದನ್ನೊಂದು ನೋಡ್ಕೊಳ್ಳೋಕಾಗುತ್ತಾ? ನಿಮ್ಮಪ್ಪನ್ನ ಶಾಲೆಗೆ ಕರ್ಕೊಂಡು ಹೋಗು."

"ಶಾಲೆಗಾ?"

"ಮತ್ತೇನು, ಈಗಲಾದ್ರೂ ನಾಲ್ಕಕ್ಷರ ಕಲೀಲಿ."

ಹೆಡ್‌ಮಿಸ್ ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ, "ಕೊನೇ ಕೋಣೆ ತಾನೆ? ನನ್ನ ಕಣ್ಣಿಗೆ ಬೀಳದ ಹಾಗೆ ನೋಡ್ಕೊಳ್ಳಿ, ನನಗೇನೂ ಗೊತ್ತಿಲ್ಲ," ಎಂದು ಬೇಕೆಂದೇ ಕನ್ನಡಕ ತೆಗೆದು ಒರೆಸತೊಡಗಿದರು.

ಟೀಚರ್ ಅಪ್ಪನನ್ನು ಮೂರನೆಯ ಕಿಟಕಿಯ ಬಳಿ ಕೂರಿಸಿದಳು, ಅಂಗಳದ ಕಡೆ ಮುಖ ಮಾಡಿ. ಮಕ್ಕಳು ಒಬ್ಬೊಬ್ಬರಾಗಿ ಬಂದು "ನಮಸ್ತೆ ಅಜ್ಜ" ಎಂದರು. ಅವನು ಯಾರ ಮುಖವನ್ನೂ ನೋಡಲಿಲ್ಲ, ಎಲ್ಲರ ಅಂಗಿಯ ಕಾಲರುಗಳನ್ನು ನೋಡಿದ.

"ಅಜ್ಜನ್ನ ಬರೀಬಹುದಾ ಟೀಚರ್?" ಎಂದು ಕೇಳಿದವಳು ಉದ್ದ ಹುಡುಗಿ. ಹದಿನಾಲ್ಕು ವರ್ಷಕ್ಕೇ ಎಲ್ಲರಿಗಿಂತ ಒಂದು ಗೇಣು ಎತ್ತರವಿದ್ದು, ಅದನ್ನು ಮರೆಮಾಚಲು ಸದಾ ಕತ್ತು ಬಗ್ಗಿಸಿಕೊಂಡೇ ಓಡಾಡುತ್ತಿದ್ದ ಹುಡುಗಿ. ಮಾತು ಕಮ್ಮಿ, ಕಣ್ಣು ಚುರುಕು.

"ಬೇಡ. ಕೇಳಿದ್ರೆ ಹೂಂ ಅನ್ನೋಕೂ ಅವರಿಗೆ ಆಗಲ್ಲ, ಉಹುಂ ಅನ್ನೋಕೂ ಆಗಲ್ಲ."

ಮಂಜಿನ ದಿನಗಳು ಒಂದರ ಹಿಂದೊಂದು ಸರಿದವು. ಪಾಠ ನಡೆಯುತ್ತಿತ್ತು. ಅಪ್ಪ ಕೆಲವೊಮ್ಮೆ ನಿದ್ದೆ ಹೋಗುತ್ತಿದ್ದ, ಕೆಲವೊಮ್ಮೆ ಎದ್ದಿದ್ದೂ ಎಲ್ಲೋ ಇರುತ್ತಿದ್ದ. ಟೀಚರಿಗೆ ಬೆಂಚುಗಳ ನಡುವೆ ನಡೆಯುವಾಗ ಅಂಗಡಿಯ ಮೇಜಿನ ಕೆಳಗೇ ನಡೆಯುತ್ತಿದ್ದೇನೆ, ಯಾವ ಕ್ಷಣದಲ್ಲಾದರೂ ಮೇಲಿನಿಂದ ಕತ್ತರಿಯ ಕಚಕಚ ಕೇಳಬಹುದು ಅನ್ನಿಸುತ್ತಿತ್ತು.

ಮೂರನೆಯ ವಾರ ವಟವಟ ಒಬ್ಬನಿಗೆ ನೋಟ್‌ಬುಕ್ ದಾಟಿಸಲು ಹೋಗಿ ಬೀಳಿಸಿದ. ಟೀಚರ್ ಎತ್ತಿಕೊಂಡಳು. ಹಿಂದಿನ ಪುಟದಲ್ಲಿ ಅಪ್ಪ ಇದ್ದ. ಪಕ್ಕದವನ ಪುಸ್ತಕ ತಿರುಗಿಸಿದಳು, ಅಲ್ಲೂ ಅಪ್ಪ. ಅದರ ಪಕ್ಕದ್ದು, ಅದರ ಹಿಂದಿನದ್ದು, ಎಲ್ಲದರ ಕೊನೆಯ ಪುಟಗಳಲ್ಲೂ ಕಿಟಕಿ, ಕುರ್ಚಿ, ಶಾಲು, ಅಪ್ಪ.

"ನಾನು ಬೇಡ ಅಂದಿರಲಿಲ್ವಾ?" ಅವಳ ದನಿ ನಡುಗಿತು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ಆ ದನಿ ಕೇಳಿರಲಿಲ್ಲ. "ಎಲ್ಲಾ ಪುಸ್ತಕ ಮೇಜಿನ ಮೇಲಿಡಿ. ಆಚೆ ಹೋಗಿ."

ಮಕ್ಕಳು ತಲೆ ತಗ್ಗಿಸಿ ಹೊರಗೆ ಹೋದರು. ಅವಳು ಪುಟಗಳನ್ನು ಹರಿಯಲೆಂದೇ ಕೂತಳು. ಒಂದು ಹರಿದಳು, ಇನ್ನೊಂದು ಹರಿದಳು. ಮೂರನೆಯದು ಉದ್ದ ಹುಡುಗಿಯದ್ದು. ಅದರಲ್ಲಿ ಅಪ್ಪ ಇರಲಿಲ್ಲ, ಅಪ್ಪನ ಎಡಗೈ ಮಾತ್ರ ಇತ್ತು. ಹನ್ನೊಂದು ಸಲ. ಹೆಬ್ಬೆರಳೂ ತೋರುಬೆರಳೂ ಕೂಡಿಕೊಂಡಿದ್ದವು, ಉಳಿದ ಬೆರಳುಗಳು ಮಡಚಿಕೊಂಡಿದ್ದವು. ಕೈ ಸ್ವಲ್ಪ ಮೇಲೆದ್ದು, ಓರೆಯಾಗಿ ಕೆಳಕ್ಕೆ ಸರಿದು, ಕೊನೆಯಲ್ಲಿ ಎರಡು ಸಲ ಚಿಕ್ಕದಾಗಿ ಅಲುಗುತ್ತಿತ್ತು. ಹನ್ನೊಂದು ಚಿತ್ರಗಳನ್ನೂ ಸಾಲಾಗಿ ನೋಡಿದರೆ ಕೈ ಹಾಳೆಯ ಮೇಲೆ ನಡೆದ ಹಾಗಿತ್ತು. ಅವಳು ಹರಿಯುವುದನ್ನು ಬಿಟ್ಟು ಉಳಿದ ಪುಸ್ತಕಗಳನ್ನು ತೆರೆದಳು. ಕೆಟ್ಟದಾಗಿ ಬರೆದವರು, ಚೆನ್ನಾಗಿ ಬರೆದವರು, ಎಲ್ಲರ ಚಿತ್ರದಲ್ಲೂ ಅಪ್ಪನ ಎಡಗೈ ಹಾಗೇ ಇತ್ತು. ತಾನು ಏಳು ತಿಂಗಳು ತೊಳೆದು ಒರೆಸಿದ ಕೈ. ತಾನು ನೋಡಿರಲಿಲ್ಲ.

ಉದ್ದ ಹುಡುಗಿ ಬಾಗಿಲಲ್ಲೇ ನಿಂತಿದ್ದಳು.

"ಬಾ ಇಲ್ಲಿ. ಇದೇನು? ಬರೆಯೋಕೆ ಪೆನ್ಸಿಲ್ ಕೇಳ್ತಿದ್ದಾರಾ?"

"ಅಲ್ಲ ಟೀಚರ್. ಪೆನ್ಸಿಲ್ ಆದ್ರೆ ಬೆರಳು ದುಂಡಗೆ ಆಗುತ್ತೆ. ಇದು ಚಪ್ಪಟೆ. ಏನೋ ತೆಳ್ಳಗಿರೋದನ್ನ ಹಿಡಿದ ಹಾಗೆ." ಪುಟದ ಮೇಲೆ ಬೆರಳಿಟ್ಟು ಹೇಳಿದಳು: "ಮತ್ತೆ, ಯಾವಾಗಲೂ ಮಾಡಲ್ಲ. ನೀವು ಶಾಲು ಸರಿಮಾಡೋಕೆ ಎದುರಿಗೆ ಬಂದಾಗ ಮಾತ್ರ."

ಟೀಚರ್ ಕುಳಿತಲ್ಲೇ ತನ್ನ ಬೆರಳುಗಳನ್ನು ಹಾಗೆ ಹಿಡಿದು ನೋಡಿದಳು. ಹೆಬ್ಬೆರಳು, ತೋರುಬೆರಳು, ನಡುವೆ ತೆಳ್ಳಗಿನ ಗಾಳಿ. ಮಕ್ಕಳಿಗೆ ನೂರಾರು ಸಲ ಹೇಳಿಕೊಟ್ಟ ಪಾಠವನ್ನು ಅವಳು ಅಂದು ತನಗೆ ತಾನೇ ಹೇಳಿಕೊಂಡಳು. ಬೆರಳಿಗೆ ಮೊದಲು ನೆನಪಾಯಿತು, ಅವಳಿಗೆ ಆಮೇಲೆ.

ಸಂಜೆ ಮನೆಗೆ ಬಂದವಳೇ ಮುಚ್ಚಿದ ಅಂಗಡಿಯ ಬಾಗಿಲು ತೆರೆದಳು. ಗುಂಡಿಗಳ ಡಬ್ಬಿ, ದಾರದ ಉಂಡೆಗಳು, ಕಾಗದದ ಅಚ್ಚುಗಳು. ಮೇಜಿನ ಖಾನೆಯ ಮೂಲೆಯಲ್ಲಿ ಸವೆದು ಅಂಚು ಚೂಪಾದ ಬಿಳಿ ಸೀಮೆಸುಣ್ಣದ ಬಿಲ್ಲೆ ಸಿಕ್ಕಿತು.

"ಅದೇನು ಇಷ್ಟು ಹೊತ್ತು ಅಲ್ಲಿ?" ಎಂದು ಮೇಲಿನಿಂದ ಅತ್ತೆ ಕೂಗಿದಳು.

"ಅಪ್ಪ ಏನೋ ಕೇಳ್ತಿದ್ದಾನೆ ಅತ್ತೆ."

"ಅವನಾ? ಏನಂದ?"

"ಗೊತ್ತಿಲ್ಲ. ನಾಳೆ ಹೇಳ್ತಾನೆ."

ಅದನ್ನು ಮನೆಯಲ್ಲೇ ಕೊಟ್ಟುಬಿಡಬಹುದಿತ್ತು. ಆದರೆ ಕಂಡುಕೊಂಡವರು ಮಕ್ಕಳು. ಅವರ ಮುಂದೆಯೇ ಆಗಲಿ ಅನ್ನಿಸಿತು. ಮರುದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕೋಣೆಯ ಒಳಗೂ ತೆಳುವಾಗಿ ತೇಲುತ್ತಿತ್ತು. ಮಕ್ಕಳು ನಿನ್ನೆಯ ಬೈಗುಳದ ಭಾರದಲ್ಲಿ, ವಾಪಸು ಸಿಕ್ಕ ಪುಸ್ತಕಗಳನ್ನು ಮುಚ್ಚಿಟ್ಟುಕೊಂಡು ಕೂತಿದ್ದರು. ಟೀಚರ್ ಹೋಗಿ ಅಪ್ಪನ ಕುರ್ಚಿಯನ್ನು ತರಗತಿಯ ಕಡೆ ತಿರುಗಿಸಿ, ಎದುರಿಗೆ ಮಂಡಿಯೂರಿ ಕೂತು, ಬಿಲ್ಲೆಯನ್ನು ಅವನ ಎಡಗೈಗಿಟ್ಟಳು.

ಬೆರಳುಗಳು ಅದನ್ನು ಗುರುತು ಹಿಡಿದವು. ಅಪ್ಪ ಒಂದು ಸಲ ಕಣ್ಣು ಮುಚ್ಚಿ ತೆರೆದ. ಕೈ ಮುಂದೆ ಬಂತು. ಅವಳ ಬೂದುಬಣ್ಣದ ಕೋಟಿನ ಬಲಭುಜದ ಮೇಲೆ, ಕತ್ತಿನಿಂದ ತೋಳಿನವರೆಗೆ, ಓರೆಯಾಗಿ ಒಂದು ಗೆರೆ ಎಳೆದ. ಅಭ್ಯಾಸವಿಲ್ಲದ ಎಡಗೈಯಿಂದ ಎಳೆದರೂ ಗೆರೆ ಎಲ್ಲೂ ಅಂಕುಡೊಂಕಾಗಲಿಲ್ಲ. ಅದರ ತುದಿಯಲ್ಲಿ ಎರಡು ಚಿಕ್ಕ ಕತ್ತರಿ ಗುರುತು ಹಾಕಿದ. ಆ ಗುರುತಿನ ಅರ್ಥ ಅವಳಿಗೆ ಗೊತ್ತಿತ್ತು. ಇಲ್ಲಿ ಮೆತ್ತೆ ಇಡಬೇಕು. ಈ ಭುಜ ಎರಡು ಬೆರಳು ಕುಸಿದಿದೆ.

ಏಳು ತಿಂಗಳಿಂದ ಅಪ್ಪನನ್ನು ಹೊತ್ತ ಭುಜ. ಕುಸಿದದ್ದು ಅವಳಿಗೇ ತಿಳಿದಿರಲಿಲ್ಲ. ಅವನು ಮಾತ್ರ ನೋಡಿದ್ದ. ನೋಡಿ, ಮುಚ್ಚಲು ಹಂಬಲಿಸುತ್ತಿದ್ದ. ಅವನಿಗೆ ಗೊತ್ತಿದ್ದ ಪ್ರೀತಿ ಅದೊಂದೇ ಬಗೆಯದು.

ಅವಳು ಮಂಡಿಯ ಮೇಲೇ ಕೂತು ಅತ್ತಳು, ಬೆನ್ನು ಮಕ್ಕಳ ಕಡೆಗಿತ್ತು. ಬೆನ್ನನ್ನು ಓದುವುದನ್ನು ಅವಳಿಂದಲೇ ಕಲಿತ ಮಕ್ಕಳು. ಮೂವತ್ತೊಂದು ಜನರೂ ತುಟಿ ಎರಡು ಮಾಡಲಿಲ್ಲ. ವಟವಟ ಕೂಡ.

ಸ್ವಲ್ಪ ಹೊತ್ತಿನ ಮೇಲೆ ಕುರ್ಚಿಯ ಹಿಡಿಯ ಮೇಲೆ ಟಕ್ ಟಕ್ ಸದ್ದಾಯಿತು. ಅಪ್ಪ ಬಿಲ್ಲೆಯಿಂದ ಬಡಿಯುತ್ತಿದ್ದ. ಎಲ್ಲರೂ ತನ್ನ ಕಡೆ ನೋಡಿದ ಮೇಲೆ ಎಡಗೈಯಿಂದ ಶಾಲಿನ ಅಂಚು ಹಿಡಿದು, ಮೆಲ್ಲಗೆ, ಹೊಲಿಗೆ ಬಿಚ್ಚುವವನ ಹಾಗೆ, ಬಲಗೈಯ ಮೇಲಿಂದ ಅದನ್ನು ಸರಿಸಿದ. ಒಣಗಿ ಮುದುಡಿದ ಆ ಕೈಯನ್ನು ಮಣಿಕಟ್ಟು ಹಿಡಿದು ಎತ್ತಿ, ತೊಡೆಯ ಮೇಲೆ, ಬೆಳಕು ಬೀಳುವಲ್ಲಿ ಇಟ್ಟ. ಉದ್ದ ಹುಡುಗಿಯ ಕಡೆ ನೋಡಿದ. ಅವಳ ಮುಚ್ಚಿದ ಪುಸ್ತಕ ನೋಡಿದ. ಗಲ್ಲವನ್ನು ಒಂದಿಷ್ಟು ಮೇಲಕ್ಕೆತ್ತಿದ.

"ಬರಿ ಅಂತಿದ್ದಾರೆ ಟೀಚರ್," ಎಂದು ಅವಳು ಪಿಸುಗುಟ್ಟಿದಳು.

"ಹೌದು," ಎಂದಳು ಟೀಚರ್. "ಹೌದು, ಬರೀರಿ."

ಹಾಳೆಗಳ ಸದ್ದು ಕೋಣೆಯ ತುಂಬ ಹಕ್ಕಿಗಳೆದ್ದ ಹಾಗಾಯಿತು. ಅಪ್ಪ ಈಗ ಎಡಗೈ ಚಾಚಿದ. ಅಂಗೈಯಲ್ಲಿ ಬಿಲ್ಲೆ. ಅದು ತನಗೆ ಎಂದು ತಿಳಿಯಲು ಮಗಳಿಗೆ ಒಂದು ಗಳಿಗೆ ಬೇಕಾಯಿತು. ತೆಗೆದುಕೊಂಡು ಕಪ್ಪುಹಲಗೆಯ ಬಳಿಗೆ ಹೋದಳು. ಎಲ್ಲಿಂದ ಶುರುಮಾಡುವುದೆಂದು ಗೊತ್ತಾಗದೆ ನಿಂತಳು. ಕೊನೆಗೆ ಅಪ್ಪನ ಕತ್ತಿನ ಹಿಂಭಾಗದಿಂದ ಶುರುಮಾಡಿದಳು. ದರ್ಜಿಯ ಸೀಮೆಸುಣ್ಣದ ಗೆರೆ ಹಲಗೆಯ ಮೇಲೆ ತೆಳ್ಳಗೆ, ಮೇಣದಂತೆ ಮೂಡಿತು. ಗಂಟೆ ಬಾರಿಸಿದ್ದು ಯಾರಿಗೂ ಕೇಳಿಸಲಿಲ್ಲ. ಗಣಿತದ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತು, ನೋಡಿ, ಬಂದ ಕಾಲಲ್ಲೇ ವಾಪಸು ಹೋದರು.

ಕೋಟಿನ ಭುಜಕ್ಕೆ ಅವಳೇ ಮೆತ್ತೆ ಇಟ್ಟು ಹೊಲಿದಳು. ಅಪ್ಪ ಅದನ್ನು ಮುಟ್ಟಿ ನೋಡಿ ಬಿಚ್ಚಿಸಿದ. ಮತ್ತೆ ಹೊಲಿದಳು, ಮತ್ತೆ ಬಿಚ್ಚಿಸಿದ. "ಮಾತು ಹೋದ್ರೂ ಜಂಭ ಹೋಗ್ಲಿಲ್ಲ ನೋಡು ಇವನಿಗೆ," ಎಂದಳು ಅತ್ತೆ. ನಾಲ್ಕನೆಯ ಸಲ ಒಪ್ಪಿದ.

ಅತ್ತೆಯ ಪಾದ ಕೂಡಿಕೊಂಡ ಮೇಲೂ ಅಪ್ಪ ಶಾಲೆಗೆ ಬರುವುದನ್ನು ಬಿಡಲಿಲ್ಲ. ವಾರಕ್ಕೆ ಎರಡು ದಿನ, ಎರಡು ವರ್ಷ. ಮಕ್ಕಳು ಚಿತ್ರ ಬರೆದು ಅವನ ತೊಡೆಯ ಮೇಲಿಡುತ್ತಿದ್ದರು. ಭುಜ ತಪ್ಪಿದಲ್ಲಿ, ಸೊಂಟ ಸುಳ್ಳು ಹೇಳಿದಲ್ಲಿ ಅವನು ಅಂಗಡಿಯಿಂದ ತಂದ ಇನ್ನೊಂದು ನೀಲಿ ಬಿಲ್ಲೆಯಿಂದ ಒಂದು ಗೆರೆ ಎಳೆಯುತ್ತಿದ್ದ. ಹೆಡ್‌ಮಿಸ್‌ಗೆ ಕೊನೆಯವರೆಗೂ ಏನೂ ಗೊತ್ತಾಗಲಿಲ್ಲ. ಆದರೆ ಮಂಜು ಹೆಚ್ಚಿದ ದಿನ ಕೊನೆಯ ಕೋಣೆಗೆ ಒಂದು ಬಿಸಿನೀರಿನ ಚೀಲ ಬರುತ್ತಿತ್ತು.

ಎರಡನೆಯ ಚಳಿಗಾಲದಲ್ಲಿ ಟೀಚರ್ ತರಗತಿಯನ್ನು ರೈಲು ನಿಲ್ದಾಣಕ್ಕೆ ಕರೆದುಕೊಂಡು ಹೋದಳು. ಅಪ್ಪನ ಕುರ್ಚಿಯನ್ನು ವಟವಟ ತಳ್ಳಿದ, ದಾರಿಯುದ್ದಕ್ಕೂ ಅವನಿಗೆ ಊರಿನ ಸುದ್ದಿಯೆಲ್ಲ ಹೇಳುತ್ತ. ಪ್ಲಾಟ್‌ಫಾರಂ ಮೇಲೆ ಮಂಜು ಮಂಡಿಯವರೆಗೆ ದಪ್ಪಗೆ, ಅದರ ಮೇಲೆ ತೆಳ್ಳಗೆ ಹಬ್ಬಿತ್ತು. ಕಾಯುತ್ತ ನಿಂತವರಿಗೆ ಮುಖಗಳಿರಲಿಲ್ಲ. ದೂರದಲ್ಲೊಬ್ಬ ಪೆಟ್ಟಿಗೆಯ ಮೇಲೆ ಕಾಲಿಟ್ಟು ನಿಂತಿದ್ದ. ಒಬ್ಬಳು ಇನ್ನೊಬ್ಬಳ ತೋಳು ಹಿಡಿದಿದ್ದಳು.

"ಇಬ್ಬರಲ್ಲಿ ಯಾರು ಹೋಗೋರು, ಯಾರು ಉಳಿಯೋರು?" ಎಂದು ಟೀಚರ್ ಮೆಲ್ಲಗೆ ಕೇಳಿದಳು.

"ಹಿಡ್ಕೊಂಡಿರೋಳು ಉಳಿಯೋಳು," ಎಂದ ವಟವಟ.

ಉದ್ದ ಹುಡುಗಿ ಬಹಳ ಹೊತ್ತು ನೋಡಿದಳು. "ಅಲ್ಲ. ಹಿಡ್ಕೊಂಡಿರೋಳೇ ಹೋಗೋಳು. ಅವಳಿಗೆ ಹೋಗೋಕೆ ಇಷ್ಟ ಇಲ್ಲ."

"ಹೋಗಿ ಕೇಳೋಣ್ವಾ, ಬರೀಬಹುದಾ ಅಂತ?"

"ನಾನು ಕೇಳ್ತೀನಿ ಟೀಚರ್," ಎಂದು ಅವಳು ಕತ್ತು ನೆಟ್ಟಗೆ ಮಾಡಿ, ಅಷ್ಟೆತ್ತರಕ್ಕೂ ನಿಂತು, ಮಂಜಿನೊಳಗೆ ನಡೆದಳು. ಮೊದಲು ಅವಳ ಕಾಲುಗಳು ಮರೆಯಾದವು, ಆಮೇಲೆ ಬೆನ್ನು. ಅಪ್ಪ ಅವಳು ಹೋದ ಕಡೆಗೇ ನೋಡುತ್ತಿದ್ದ. ಹಳಿಗಳು ಸಣ್ಣಗೆ ಗುಂಯ್‌ಗುಟ್ಟತೊಡಗಿದವು. ಟೀಚರ್ ತನ್ನ ಪುಸ್ತಕವನ್ನು ಕುರ್ಚಿಯ ಹಿಡಿಯ ಮೇಲಿಟ್ಟುಕೊಂಡು, ಬೆರಳ ತುದಿಗಳಿಗೆ ಬಾಯಿಂದ ಬಿಸಿಯುಸಿರು ಊದಿ, ಹೊಸ ಹಾಳೆ ತಿರುಗಿಸಿದಳು.